ಮಕ್ಕಳು ದೊಡ್ಡವರಾದ ಮೇಲೆ ಅಮ್ಮನಿಗೇನು ಕೆಲಸ?

ಓದುಗರ ಪ್ರಶ್ನೆ

ನನಗೆ 47 ವರ್ಷ. ಊರು ದಾವಣಗೆರೆ. ನಮ್ಮ ಯಜಮಾನರಿಗೆ ಹಾರ್ಡ್‌ವೇರ್ ಅಂಗಡಿ ಇದೆ. ಬೆಳಿಗ್ಗೆ ಹೋದರೆ ಮನೆಗೆ ಬರೋದು ರಾತ್ರಿ ಒಂಬತ್ತಕ್ಕೆ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ, ಪಿಜಿಯಲ್ಲಿದ್ದಾನೆ. ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ ‘ಆಯ್ತಮ್ಮ, ಇಡ್ಲಾ?’ ಅಂತಾನೆ. ಮಗಳು ಎಸ್ಸೆಸ್ಸೆಲ್ಸಿ. ಶಾಲೆಯಿಂದ ಬಂದವಳೇ ಕೋಣೆ ಬಾಗಿಲು ಹಾಕಿಕೊಳ್ಳುತ್ತಾಳೆ. ಏನಾದರೂ ಹೇಳಿದರೆ ‘ನೀನು ಸುಮ್ನಿರಮ್ಮ, ನಿಂಗೆ ಗೊತ್ತಾಗಲ್ಲ’. ಮೊನ್ನೆ ಅವಳು ಸ್ನಾನಕ್ಕೆ ಹೋದಾಗ ಮೊಬೈಲ್ ತೆಗೆದು ನೋಡಿದೆ. ಕ್ಲಾಸಿನ ಹುಡುಗನೊಬ್ಬನ ಜೊತೆ ಚಾಟ್ ಮಾಡಿದ್ದಾಳೆ. ಕೆಟ್ಟದ್ದೇನೂ ಇರಲಿಲ್ಲ, ಆದರೂ ಬೈದೆ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರಾತ್ರಿ ನಿದ್ದೆ ಬರುವುದಿಲ್ಲ. ಎದ್ದು ಅಡುಗೆಮನೆಯಲ್ಲಿ ಕೂತಿರುತ್ತೇನೆ. ಇಪ್ಪತ್ತು ವರ್ಷ ಇವರಿಗಾಗಿಯೇ ಬದುಕಿದೆ. ಈಗ ನನ್ನ ಕೆಲಸ ಮುಗಿಯಿತಾ? ಇನ್ನು ಮುಂದೆ ನಾನು ಹೇಗಿರಬೇಕು?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮಕ್ಕಳ ಜೊತೆ ಇನ್ನು ಹೇಗಿರಬೇಕು ಅನ್ನುವುದು ಒಂದು. ನಾನು ಯಾರಿಗೂ ಬೇಡವಾದೆನಾ ಅನ್ನುವುದು ಇನ್ನೊಂದು. ಈ ಎರಡನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ಆದರೆ ಅದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ನನಗನಿಸುತ್ತದೆ. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ.

ನಿಮ್ಮ ಕೆಲಸ ಮುಗಿದಿಲ್ಲ, ಅದರ ಬಗೆ ಬದಲಾಗಿದೆ. ಇಷ್ಟು ದಿನ ಮಕ್ಕಳಿಗಾಗಿ ನೀವು ಮಾಡುತ್ತಿದ್ದುದನ್ನು ಒಂದೊಂದಾಗಿ ಅವರ ಕೈಗೆ ಕೊಡಬೇಕು. ಕೊಟ್ಟ ಮೇಲೆ, ಬೇಕೆಂದಾಗ ಸಿಗುವಷ್ಟು ಹತ್ತಿರದಲ್ಲಿರಬೇಕು. ಇದು ಮೊದಲಿನ ಕೆಲಸಕ್ಕಿಂತ ಕಷ್ಟ. ಅಡುಗೆ ಮಾಡಿ ಬಡಿಸಿದರೆ ಕೆಲಸ ಆಗಿದ್ದು ಕಣ್ಣಿಗೆ ಕಾಣುತ್ತದೆ. ಬಾಯಿಗೆ ಬಂದ ಬುದ್ಧಿಮಾತನ್ನು ನುಂಗಿಕೊಂಡು ಸುಮ್ಮನಿದ್ದರೆ ಅದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ನಿಮಗೆ ಕೆಲಸವೇ ಇಲ್ಲ ಅನಿಸುತ್ತಿರಬಹುದು.

ನೋಡಿ, ಈ ಕೈಬಿಡುವ ಕೆಲಸ ನಿಮಗೆ ಹೊಸದಲ್ಲ. ಮಗನಿಗೆ ಎದೆಹಾಲು ಬಿಡಿಸಿದಾಗ ನೀವು ಇದನ್ನು ಮಾಡಿದ್ದೀರಿ. ಅವನು ತಾನೇ ತಿನ್ನುತ್ತೇನೆ ಅಂತ ಹಟ ಹಿಡಿದು ಅರ್ಧ ಅನ್ನ ನೆಲಕ್ಕೆ ಚೆಲ್ಲಿದಾಗಲೂ ಮಾಡಿದ್ದೀರಿ. ಶಾಲೆಯ ಗೇಟಿನಲ್ಲಿ ಅಳುತ್ತಿದ್ದ ಮಗಳ ಕೈ ಬಿಡಿಸಿಕೊಂಡು ಬಂದಿದ್ದೀರಿ. ಆ ದಿನ ನೀವೂ ಅತ್ತಿರಬಹುದು. ಆದರೂ ವಾಪಸ್ ಕರೆದುಕೊಂಡು ಬರಲಿಲ್ಲ, ಅಲ್ವಾ? ನಮ್ಮ ಮನೆಗಳಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಸುವಾಗ ಕೆಳಗೆ ಮಡಿಕೆ ಜಾಸ್ತಿ ಬಿಡಿಸುತ್ತಿದ್ದೆವು. ಮಗು ಬೆಳೆದ ಹಾಗೆ ಪ್ರತಿ ವರ್ಷ ಒಂದಿಷ್ಟು ಹೊಲಿಗೆ ಬಿಚ್ಚುತ್ತಿದ್ದೆವು. ತಾಯಿಯ ಹಿಡಿತವೂ ಹೀಗೇ ಸಡಿಲವಾಗಬೇಕು. ಒಂದೇ ಸಲಕ್ಕೆ ಎಲ್ಲ ಬಿಚ್ಚಿಬಿಡಬೇಕಿಲ್ಲ.

ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಒಬ್ಬರು ಮಕ್ಕಳ ವೈದ್ಯರಿದ್ದರು. ಮನೋವಿಶ್ಲೇಷಕರೂ ಹೌದು. ಸಾವಿರಾರು ತಾಯಿ-ಮಕ್ಕಳನ್ನು ಕಂಡವರು. ಅವರು 1953ರಲ್ಲಿ ಬರೆದ ಒಂದು ಮಾತು ಇವತ್ತಿಗೂ ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿದೆ. ಮಗುವಿಗೆ ಬೇಕಾಗಿರುವುದು ಕುಂದಿಲ್ಲದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಅಂತ. ಅಂಥ ತಾಯಿ ಮೊದಮೊದಲು ಕೂಸು ಅತ್ತ ಕೂಡಲೇ ಓಡಿ ಬರುತ್ತಾಳೆ. ಕೂಸಿಗೆ ತಡೆದುಕೊಳ್ಳುವ ಶಕ್ತಿ ಬಂದ ಹಾಗೆ ಸ್ವಲ್ಪ ಸ್ವಲ್ಪವೇ ತಡ ಮಾಡುತ್ತಾಳೆ. ಆ ತಡದಲ್ಲೇ ಮಗು ಕಾಯುವುದನ್ನು, ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವುದನ್ನು ಕಲಿಯುತ್ತದೆ. ವಿನಿಕಾಟ್ ಹೇಳಿದ್ದು ಕೂಸುಗಳ ವಿಷಯ. ಆದರೆ ಇಪ್ಪತ್ತು ವರ್ಷದ ಮಗನಿಗೂ ಇದು ಪೂರ್ತಿ ಹೊಂದುತ್ತದೆ ಅನ್ನುವುದು ನನ್ನ ಅನಿಸಿಕೆ.

ಅದೇ ಕಾಲದ ಇನ್ನಿಬ್ಬರ ಕೆಲಸವೂ ನಿಮಗೆ ನೆರವಾಗುತ್ತದೆ. ಜಾನ್ ಬೌಲ್ಬಿ ಮತ್ತು ಮೇರಿ ಏನ್ಸ್‌ವರ್ತ್. ತಾಯಿ ಮತ್ತು ಮಗುವಿನ ನಂಟು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಇಬ್ಬರೂ ಬದುಕನ್ನೇ ಸವೆಸಿದರು. ಒಂದು ವರ್ಷದ ಮಗುವನ್ನು ಹೊಸ ಜಾಗಕ್ಕೆ ಕರೆದುಕೊಂಡು ಹೋಗಿ. ಅಮ್ಮ ಪಕ್ಕದಲ್ಲಿದ್ದರೆ ಅದು ಧೈರ್ಯವಾಗಿ ಅಂಬೆಗಾಲಿಟ್ಟು ದೂರ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡುತ್ತದೆ. ಅಮ್ಮ ಅಲ್ಲೇ ಇದ್ದಾಳೆ ಅಂತ ಕಂಡರೆ ಇನ್ನೂ ದೂರ ಹೋಗುತ್ತದೆ. ಅಂದರೆ ಅಮ್ಮನ ಮೇಲೆ ನಂಬಿಕೆ ಇದ್ದಾಗಲೇ ಮಗು ಅಮ್ಮನನ್ನು ಬಿಟ್ಟು ದೂರ ಹೋಗಬಲ್ಲದು. ನಿಮ್ಮ ಮಗನ ಎರಡು ನಿಮಿಷದ ಫೋನನ್ನು ಇದೇ ಕಣ್ಣಿನಿಂದ ನೋಡಿ. ಅವನು ತಿರುಗಿ ನೋಡುತ್ತಿದ್ದಾನೆ. ನೀವು ಅಲ್ಲೇ ಇದ್ದೀರಿ. ಅಷ್ಟು ಗೊತ್ತಾದ ಮೇಲೆ ಅವನಿಗೆ ಅವನ ಕೆಲಸ. ಇದನ್ನು ಕಡೆಗಣಿಸುವಿಕೆ ಅಂತ ತಿಳಿಯಬೇಡಿ. ನಿಮ್ಮ ಇಪ್ಪತ್ತು ವರ್ಷದ ದುಡಿಮೆ ಚೆನ್ನಾಗಿ ಆಗಿರುವುದರ ಗುರುತು ಇದು.

ಈಗ ಮಗಳ ವಿಷಯಕ್ಕೆ ಬರೋಣ. ಅದು ಹೆಚ್ಚು ತುರ್ತು.

ಹದಿನೈದು ವರ್ಷ ಅಂದರೆ ಮೈ ದೊಡ್ಡದಾಗಿ, ಮಿದುಳು ಇನ್ನೂ ಬೆಳೆಯುತ್ತಿರುವ ವಯಸ್ಸು. ನಮ್ಮ ಹಣೆಯ ಹಿಂದಿರುವ ಮಿದುಳಿನ ಭಾಗ ಮುಂದಾಲೋಚನೆ ಮಾಡುತ್ತದೆ, ಸಿಟ್ಟನ್ನು ತಡೆಯುತ್ತದೆ, ಇದನ್ನು ಮಾಡಿದರೆ ನಾಳೆ ಏನಾಗುತ್ತದೆ ಅಂತ ಲೆಕ್ಕ ಹಾಕುತ್ತದೆ. ಈ ಭಾಗ ಪೂರ್ತಿ ಬಲಿಯುವುದು ಹೆಚ್ಚುಕಡಿಮೆ ಇಪ್ಪತ್ತೈದರ ಹೊತ್ತಿಗೆ. ಆಸೆ, ಉತ್ಸಾಹ, ಗೆಳೆಯರ ಮೆಚ್ಚುಗೆ ಇವುಗಳಿಗೆ ಸ್ಪಂದಿಸುವ ಭಾಗಗಳು ಮಾತ್ರ ಬೇಗನೆ ಚುರುಕಾಗಿಬಿಡುತ್ತವೆ. ಹಾಗಾಗಿ ಈ ವಯಸ್ಸಿನಲ್ಲಿ ಅಮ್ಮನ ಮಾತಿಗಿಂತ ಗೆಳತಿಯ ಮಾತಿಗೆ ತೂಕ ಜಾಸ್ತಿ. ‘ನಿಂಗೆ ಗೊತ್ತಾಗಲ್ಲ’ ಅನ್ನುವ ಮಾತು ನಿಮಗೆ ಚುಚ್ಚಿದೆ. ಅವಳ ಮಟ್ಟಿಗೆ ಅದರ ಅರ್ಥ, ‘ಇದು ನನ್ನದು, ನಾನೇ ನೋಡಿಕೊಳ್ಳಬೇಕು’ ಅಂತ. ಒರಟಾಗಿ ಹೇಳಿದ್ದಾಳೆ, ನಿಜ. ಒರಟುತನಕ್ಕೆ ‘ಹಾಗೆ ಮಾತಾಡಬೇಡ’ ಅಂತ ಒಂದು ಮಾತಿನಲ್ಲಿ ಹೇಳಬಹುದು. ಆದರೆ ಅದರ ಹಿಂದಿರುವ ಆಸೆ ತಪ್ಪಲ್ಲ.

ನಿದ್ದೆಯದೂ ಇದೇ ಕಥೆ. ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹತ್ತಕ್ಕೆ ಮಲಗು ಅಂದರೆ ಅವರಿಗೆ ನಿಜವಾಗಿಯೂ ನಿದ್ದೆ ಬರುವುದಿಲ್ಲ. ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂದ ಕೂಡಲೇ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ರೂಢಿ ಇದೆ. ತಡವಾಗಿ ಮಲಗಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಓದಿದ್ದೂ ತಲೆಯಲ್ಲಿ ನಿಲ್ಲುವುದಿಲ್ಲ, ದಿನವಿಡೀ ಸಿಡುಕು ಬೇರೆ. ನೀವು ಹಾಗೆ ಮಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಪರೀಕ್ಷೆಯ ಭಯವನ್ನೂ ಸ್ವಲ್ಪ ಇಳಿಸಿಕೊಳ್ಳಿ. ನಮ್ಮ ರಾಜ್ಯದಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಅವಕಾಶ ಬಂದಿದೆ. ಒಂದು ಪರೀಕ್ಷೆಯಲ್ಲಿ ಎಡವಿದರೆ ವರ್ಷವೇ ಹೋಯಿತು ಅನ್ನುವ ಕಾಲ ಈಗಿಲ್ಲ.

ಇನ್ನು ಮೊಬೈಲ್. ನೀವು ಕೇಳಲು ಬಯಸದ ಮಾತೊಂದನ್ನು ಹೇಳಬೇಕಾಗಿದೆ. ನೀವು ಅವಳ ಬಳಿ ಕ್ಷಮೆ ಕೇಳಬೇಕು. ಚಿಂತೆ ಮಾಡಿದ್ದಕ್ಕೆ ಬೇಡ, ಕದ್ದು ನೋಡಿದ್ದಕ್ಕೆ. ‘ಮಗಳ ಹತ್ತಿರ ತಾಯಿ ಕ್ಷಮೆ ಕೇಳೋದಾ?’ ಅಂತ ಮನೆಯಲ್ಲಿ ಯಾರಾದರೂ ಅಂದರೆ ಅನ್ನಲಿ. ಅವಳು ಸ್ನಾನದ ಕೋಣೆಯಲ್ಲಿ ಚಿಲಕ ಹಾಕಿಕೊಳ್ಳುವುದನ್ನು ನೀವು ಒಪ್ಪುತ್ತೀರಿ ತಾನೆ? ಗೆಳೆಯರ ಜೊತೆ ಆಡುವ ಮಾತಿಗೂ ಆ ವಯಸ್ಸಿನಲ್ಲಿ ಒಂದು ಚಿಲಕ ಬೇಕು. ಕದ್ದು ನೋಡಿ ಬೈದರೆ ಅವಳು ಚಾಟ್ ಬಿಡುವುದಿಲ್ಲ. ಪಾಸ್‌ವರ್ಡ್ ಬದಲಿಸುತ್ತಾಳೆ, ಅಷ್ಟೇ. ಆಮೇಲೆ ನಿಜವಾಗಿಯೂ ಏನಾದರೂ ಕೆಟ್ಟದ್ದಾದಾಗ ನಿಮ್ಮ ಹತ್ತಿರ ಬರುವುದಿಲ್ಲ. ನಾನು ಹೆದರುವುದು ಅದಕ್ಕೆ.

ಹೀಗೆ ಹೇಳಿ ನೋಡಿ: ‘ನಿನ್ನ ಫೋನ್ ಕೇಳದೆ ನೋಡಿದ್ದು ನನ್ನ ತಪ್ಪು. ಇನ್ನು ಹಾಗೆ ಮಾಡಲ್ಲ. ನಂಗೆ ಭಯ ಆಗಿತ್ತು, ಅದನ್ನ ನಿನ್ನ ಹತ್ರಾನೇ ಹೇಳಬೇಕಿತ್ತು.’ ಇಷ್ಟು ಹೇಳಿ ನಿಲ್ಲಿಸಿ. ‘ಆದರೆ ನೀನೂ...’ ಅಂತ ಶುರು ಮಾಡಬೇಡಿ. ಆ ಒಂದು ‘ಆದರೆ’ ಇಡೀ ಕ್ಷಮೆಯನ್ನು ಅಳಿಸಿಹಾಕುತ್ತದೆ. ಅವಳು ತಕ್ಷಣ ಕರಗುವುದಿಲ್ಲ. ‘ಹ್ಞೂಂ’ ಅಂತ ಬಾಗಿಲು ಹಾಕಿಕೊಳ್ಳಬಹುದು. ಹಾಕಿಕೊಳ್ಳಲಿ ಬಿಡಿ. ಮಾತು ಒಳಗೆ ಹೋಗಿರುತ್ತದೆ.

ಕೆಲವು ದಿನ ಬಿಟ್ಟು, ಇಬ್ಬರೂ ನೆಮ್ಮದಿಯಾಗಿರುವಾಗ, ಮೊಬೈಲಿನ ನಿಯಮಗಳನ್ನು ಕೂತು ಮಾತಾಡಿ. ಎದುರೆದುರು ಕೂತು ಮಾತಾಡುವುದಕ್ಕಿಂತ ಜೊತೆಗೆ ಏನಾದರೂ ಮಾಡುತ್ತಾ ಮಾತಾಡುವುದು ಸುಲಭ. ಸ್ಕೂಟಿಯಲ್ಲಿ ಹೋಗುವಾಗ, ಅವರೆಕಾಳು ಸುಲಿಯುವಾಗ, ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ. ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಈ ವಯಸ್ಸಿನ ಮಕ್ಕಳು ಹೆಚ್ಚು ಬಾಯಿ ಬಿಡುತ್ತಾರೆ. ನಿಯಮಗಳು ಕಡಿಮೆ ಇರಲಿ. ರಾತ್ರಿ ಹತ್ತೂವರೆ ಮೇಲೆ ಎಲ್ಲರ ಮೊಬೈಲೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲರದೂ ಅಂದರೆ ನಿಮ್ಮದೂ, ಅವರಪ್ಪನದೂ. ಗುರುತಿಲ್ಲದವರಿಗೆ ಫೋಟೊ ಕಳಿಸಬಾರದು. ಯಾರಾದರೂ ಅಂಥ ಫೋಟೊ ಕೇಳಿದರೆ, ಹೆದರಿಸಿದರೆ, ಕೂಡಲೇ ಮನೆಯಲ್ಲಿ ಹೇಳಬೇಕು. ‘ಏನೇ ಆಗಿದ್ದರೂ ಮೊದಲು ನಿನ್ನ ಜೊತೆ ನಿಲ್ತೀನಿ, ಬೈಯೋದು ಏನಿದ್ದರೂ ಆಮೇಲೆ’ ಅಂತ ನೀವು ಮಾತು ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಆನ್‌ಲೈನ್ ಮೋಸ, ಬ್ಲ್ಯಾಕ್‌ಮೇಲ್‌ಗೆ ಸೈಬರ್ ಸಹಾಯವಾಣಿ 1930 ಇದೆ. ಮಕ್ಕಳ ಸಹಾಯವಾಣಿ 1098. ಎರಡನ್ನೂ ಅವಳ ಫೋನಿನಲ್ಲೂ ಹಾಕಿಡಲು ಹೇಳಿ.

ಆ ಹುಡುಗನ ವಿಷಯ ನೀವಾಗಿ ಎತ್ತಬೇಡಿ. ಕ್ಲಾಸಿನ ಹುಡುಗನ ಜೊತೆ ಮಾತಾಡುವುದು ತಪ್ಪಲ್ಲ. ಅವಳೇ ಹೇಳಿದರೆ ಕೇಳಿಸಿಕೊಳ್ಳಿ.

ಇಲ್ಲಿ ಬಿಗಿಯೂ ಬೇಕು, ಪ್ರೀತಿಯೂ ಬೇಕು. ಡಯಾನಾ ಬಾಮ್‌ರಿಂಡ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1960ರ ದಶಕದಿಂದ ಇದನ್ನೇ ಹುಡುಕುತ್ತಾ ಹೋದರು. ಹೇಳಿದಷ್ಟು ಮಾಡು ಅನ್ನುವ ತಂದೆತಾಯಿ ಒಂದು ಕಡೆ. ಏನು ಬೇಕಾದರೂ ಮಾಡಿಕೋ ಅನ್ನುವವರು ಇನ್ನೊಂದು ಕಡೆ. ಮಕ್ಕಳು ಚೆನ್ನಾಗಿ ಬೆಳೆದದ್ದು ಹೆಚ್ಚಾಗಿ ಮೂರನೆಯ ಬಗೆಯ ಮನೆಗಳಲ್ಲಿ. ಅಲ್ಲಿ ನಿಯಮ ಇರುತ್ತದೆ, ಅದರ ಕಾರಣವನ್ನೂ ಹೇಳುತ್ತಾರೆ, ಮಗುವಿನ ಮಾತನ್ನೂ ಕೇಳುತ್ತಾರೆ. ‘ಮಕ್ಕಳಿಗೆ ಹದಿನಾರು ತುಂಬಿದ ಮೇಲೆ ಸ್ನೇಹಿತರಂತೆ ನೋಡಬೇಕು’ ಅಂತ ನಮ್ಮ ಹಿರಿಯರೂ ಹೇಳುತ್ತಿದ್ದರು. ಆ ಮಾತು ನನಗೆ ಇಷ್ಟ. ಆದರೆ ಅದಕ್ಕೂ ಮೊದಲು ಹೊಡೆದು ಬೆಳೆಸು ಅಂತ ಅದೇ ಬಾಯಲ್ಲಿ ಹೇಳುತ್ತಿದ್ದರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷ ಹೊಡೆಸಿಕೊಂಡ ಮಗು ಹದಿನಾರಕ್ಕೆ ಏಕಾಏಕಿ ಸ್ನೇಹಿತ ಆಗುವುದಿಲ್ಲ.

ಮಗನ ಜೊತೆ ನಿಮ್ಮ ಪಾತ್ರ ಬೇರೆಯೇ. ಮಗಳಿಗೆ ನೀವು ಇನ್ನೂ ನಿಯಮ ಹಾಕುವ ತಾಯಿ. ಮಗನಿಗೆ ಆ ಕಾಲ ಮುಗಿದಿದೆ. ಹದಿನೆಂಟು ತುಂಬಿದವನನ್ನು ಕಾನೂನು ದೊಡ್ಡವನು ಅನ್ನುತ್ತದೆ. ಅವನು ಓಟು ಹಾಕಬಹುದು, ಲೈಸೆನ್ಸ್ ತೆಗೆದುಕೊಳ್ಳಬಹುದು, ಸಹಿ ಹಾಕಬಹುದು. ಮಿದುಳು ಇನ್ನೂ ಬಲಿಯುತ್ತಿದೆ ಅಂತ ಈಗಷ್ಟೇ ಹೇಳಿದೆ, ಅದೂ ನಿಜವೇ. ಹಾಗಾಗಿ ತೀರ್ಮಾನ ಅವನದು. ನಿಮ್ಮ ಅನುಭವ ಅವನು ಕೇಳಿದಾಗ ಸಿಗಬೇಕು. ಕೇಳದಿದ್ದಾಗ ಕೊಡುವ ಸಲಹೆಯಲ್ಲಿ ಎಷ್ಟೇ ಪ್ರೀತಿ ಇದ್ದರೂ, ಅವನ ಕಿವಿಗೆ ‘ನಿನ್ನ ಕೈಲಿ ಆಗಲ್ಲ’ ಅಂತಲೇ ಬೀಳುತ್ತದೆ.

ನಿಮ್ಮ ಫೋನಿನ ಮಾತು ಒಂದು ಸಲ ನೆನಪು ಮಾಡಿಕೊಳ್ಳಿ. ಊಟ ಆಯ್ತಾ, ಏನು ಊಟ, ಓದ್ತಿದ್ದೀಯಾ, ಇಂಟರ್ನಲ್ಸ್ ಯಾವಾಗ, ದುಡ್ಡು ಇದೆಯಾ, ರಾತ್ರಿ ಹೊರಗೆ ಹೋಗಬೇಡ. ‘ಊಟ ಆಯ್ತಾ’ ಅನ್ನುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಪ್ರೀತಿ ಶುರುವಾಗುವುದೇ ಅಲ್ಲಿಂದ. ಆದರೆ ಉಳಿದವೆಲ್ಲ ತಪಾಸಣೆಯ ಪ್ರಶ್ನೆಗಳು. ಹೌದು, ಇಲ್ಲ, ಹ್ಞೂಂ ಅಂದರೆ ಮುಗಿಯಿತು. ಅದಕ್ಕೇ ಎರಡು ನಿಮಿಷ.

ಅದರ ಬದಲು ನಿಮ್ಮ ಸುದ್ದಿ ಹೇಳಿ. ಎದುರು ಮನೆಯವರು ಮಹಡಿ ಕಟ್ಟಿಸುತ್ತಿರುವುದು, ಅಂಗಡಿಯಲ್ಲಿ ಅಪ್ಪ ಹೊಸ ಕಂಪ್ಯೂಟರ್ ಬಿಲ್ಲಿಂಗ್ ಹಾಕಿಸಿ ಒದ್ದಾಡುತ್ತಿರುವುದು. ಅವನಿಗೆ ಗೊತ್ತಿರುವುದನ್ನು ಅವನನ್ನೇ ಕೇಳಿ. ‘ಹೊಸ ಫ್ರಿಜ್ ತಗೋಬೇಕು, ಯಾವುದು ಒಳ್ಳೇದು ನೋಡಿ ಹೇಳ್ತೀಯಾ?’ ಅಂದು ನೋಡಿ. ಆಮೇಲೆ ಅವನು ಹೇಳಿದ್ದನ್ನೇ ತೆಗೆದುಕೊಳ್ಳಿ. ಮಗನ ಮಾತು ಮನೆಯಲ್ಲಿ ನಡೆಯುತ್ತದೆ ಅಂತ ಅವನಿಗೆ ಗೊತ್ತಾಗಬೇಕು. ವಾರಕ್ಕೊಂದು ಸಲ, ಭಾನುವಾರ ಸಂಜೆಯೋ ಯಾವಾಗಲೋ, ನಿಧಾನವಾಗಿ ಮಾತಾಡುವ ಹೊತ್ತನ್ನು ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳಿ. ಉಳಿದ ದಿನ ಒಂದು ವಾಟ್ಸಾಪ್ ಮೆಸೇಜ್ ಸಾಕು. ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ಪಿಜಿ ಓನರ್‌ಗೋ ಅವನ ರೂಮ್‌ಮೇಟ್‌ಗೋ ಫೋನ್ ಮಾಡಬೇಡಿ. ಅದು ಅವನಿಗೆ ಗೆಳೆಯರ ಮುಂದೆ ಅವಮಾನ.

ಜ್ವರ ಬಂದಿದೆ ಅಂತ ಅವನು ಫೋನ್ ಮಾಡಿದ ಅಂದುಕೊಳ್ಳಿ. ನಿಮ್ಮ ಕೈ ತಕ್ಷಣ ಬ್ಯಾಗಿಗೆ ಹೋಗುತ್ತದೆ, ಬೆಂಗಳೂರು ಬಸ್ ಎಷ್ಟೊತ್ತಿಗಿದೆ ಅಂತ ನೋಡುತ್ತೀರಿ. ಸ್ವಲ್ಪ ತಡೆಯಿರಿ. ‘ಎಷ್ಟಿದೆ ಜ್ವರ? ಡಾಕ್ಟರ್ ಹತ್ತಿರ ಹೋಗ್ತೀಯಾ? ಜೊತೆಗೆ ಯಾರಿದ್ದಾರೆ?’ ಅಂತ ಕೇಳಿ. ತಾನೇ ಆಸ್ಪತ್ರೆಗೆ ಹೋಗಿ, ಮಾತ್ರೆ ತಂದು, ಗಂಜಿ ಕುಡಿದು ಎದ್ದ ಹುಡುಗನಿಗೆ ಬರುವ ಧೈರ್ಯವನ್ನು ನೀವು ಹೋಗಿ ಕೊಡಲು ಆಗುವುದಿಲ್ಲ. ಮೂರು ದಿನಕ್ಕೂ ಇಳಿಯದಿದ್ದರೆ, ಡೆಂಗಿ ಅಂದರೆ, ‘ಬಾಮ್ಮ’ ಅಂದರೆ, ಆಗ ಯೋಚನೆಯೇ ಬೇಡ, ಹೊರಟುಬಿಡಿ. ಯಾವಾಗ ಹೋಗಬೇಕು, ಯಾವಾಗ ಕಾಯಬೇಕು ಅನ್ನುವ ಈ ಅಂದಾಜೇ ಈಗ ನಿಮ್ಮ ಮುಖ್ಯ ಕೆಲಸ. ದುಡ್ಡಿಗೂ ಇದೇ ರೀತಿ. ಕೇಳಿದಾಗೆಲ್ಲ ಯುಪಿಐ ಮಾಡುವ ಬದಲು ತಿಂಗಳಿಗೆ ಇಷ್ಟು ಅಂತ ಒಟ್ಟಿಗೆ ಹಾಕಿ. ಇಪ್ಪತ್ತನೇ ತಾರೀಕಿಗೇ ಖಾಲಿಯಾದರೆ ಉಳಿದ ದಿನಗಳ ಕಷ್ಟ ಅವನೇ ನೋಡಿಕೊಳ್ಳಲಿ. ಊಟಕ್ಕೆ ತೊಂದರೆ ಆಗದ ಹಾಗೆ ಮೆಸ್ ದುಡ್ಡು ಮೊದಲೇ ಕಟ್ಟಿರಿ.

ಒಂದು ಸಬ್ಜೆಕ್ಟ್ ಉಳಿದರೂ ಹಾಗೇ. ‘ಮುಂದೇನು ಮಾಡಬೇಕು ಅಂತಿದ್ದೀಯಾ?’ ಅಂತ ಕೇಳುವುದು ಬೇರೆ. ‘ನಿನಗಾಗಿ ಅಪ್ಪ ಎಷ್ಟು ಕಷ್ಟಪಡ್ತಿದ್ದಾರೆ ಗೊತ್ತಾ?’ ಅನ್ನುವುದು ಬೇರೆ. ಎರಡನೆಯದನ್ನು ಕೇಳಿದ ಹುಡುಗ ಮುಂದಿನ ಸಲ ಫೇಲಾದರೆ ಮುಚ್ಚಿಡುತ್ತಾನೆ.

ರಜೆಗೆ ಊರಿಗೆ ಬಂದಾಗ ಅವನಿಗೆ ಇಷ್ಟದ್ದೆಲ್ಲ ಮಾಡಿ ಹಾಕಿ. ಹೋಗುವಾಗ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡಿ. ಅದರಲ್ಲಿ ಏನೂ ತಪ್ಪಿಲ್ಲ, ಅವನಿಗೂ ಅದು ಬೇಕು. ಆದರೆ ಬಟ್ಟೆ ಅವನೇ ಒಗೆದುಕೊಳ್ಳಲಿ. ಅನ್ನ, ಸಾರು, ಒಂದು ಪಲ್ಯ ಮಾಡುವುದು ಕಲಿಸಿ. ನಮ್ಮ ಮನೆಗಳಲ್ಲಿ ನನಗೆ ತುಂಬ ಬೇಸರ ತರಿಸುವ ಸಂಗತಿ ಇದು. ಗಂಡು ಮಗನಿಗೆ ತಿರುಗಾಡುವ ಸ್ವಾತಂತ್ರ್ಯ ಬೇಗ ಸಿಗುತ್ತದೆ, ಆದರೆ ತಿಂದ ತಟ್ಟೆ ತೊಳೆಯುವ ಜವಾಬ್ದಾರಿ ಮೂವತ್ತಾದರೂ ಬರುವುದಿಲ್ಲ. ಹೆಣ್ಣು ಮಗಳಿಗೆ ಹತ್ತು ವರ್ಷಕ್ಕೇ ಪೊರಕೆ ಕೊಡುತ್ತೇವೆ, ಆದರೆ ಗೆಳತಿಯ ಮನೆಗೆ ಹೋಗಿ ಬರಲು ಕಾಲೇಜು ಸೇರಿದ ಮೇಲೂ ನೂರು ಪ್ರಶ್ನೆ. ತಾಯಿ ಕೈಬಿಡಬೇಕಾದದ್ದು ಇಬ್ಬರನ್ನೂ. ಜವಾಬ್ದಾರಿಯನ್ನೂ ಸ್ವಾತಂತ್ರ್ಯವನ್ನೂ ಇಬ್ಬರಿಗೂ ಒಟ್ಟಿಗೇ ಕೊಡಬೇಕು. ನಾಳೆ ನಿಮ್ಮ ಮನೆಗೆ ಸೊಸೆ ಬರುತ್ತಾಳೆ. ಆಗ ‘ನನ್ನ ಮಗನನ್ನು ಕಿತ್ತುಕೊಂಡಳು’ ಅಂತ ಅನಿಸದಿರಬೇಕಾದರೆ ಅಭ್ಯಾಸ ಇವತ್ತಿನಿಂದ ಶುರುವಾಗಬೇಕು. ಅತ್ತೆ-ಸೊಸೆ ಜಗಳ ಅಂತ ನನ್ನ ಮುಂದೆ ಬರುವ ಎಷ್ಟೋ ಪ್ರಕರಣಗಳಲ್ಲಿ ಬೇರು ಇರುವುದು ಇಲ್ಲೇ. ಮಗ ಹತ್ತೊಂಬತ್ತರಲ್ಲಿ ದೊಡ್ಡವನಾಗಲು ಬಿಡಲಿಲ್ಲ, ಇಪ್ಪತ್ತೊಂಬತ್ತರಲ್ಲಿ ಮದುವೆಯ ಮೂಲಕ ಬಿಡಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಯಜಮಾನರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ ಅಂತ. ಅಂದರೆ ಇಷ್ಟು ವರ್ಷ ಮಕ್ಕಳಿಗೂ ಅಪ್ಪನಿಗೂ ನಡುವೆ ಮಾತು ದಾಟಿಸುತ್ತಾ ಬಂದವರು ನೀವೇ ಇರಬೇಕು. ‘ಅಪ್ಪಾಜಿಗೆ ನೀನೇ ಹೇಳಮ್ಮ’, ‘ಅವನಿಗೆ ನೀನೇ ಹೇಳು’. ಈ ಕೆಲಸದಿಂದ ನಿವೃತ್ತಿ ತೆಗೆದುಕೊಳ್ಳಿ. ಮಗನಿಗೆ ಲ್ಯಾಪ್‌ಟಾಪ್ ಬೇಕಾದರೆ ಅವನೇ ಅಪ್ಪನಿಗೆ ಫೋನ್ ಮಾಡಲಿ. ಮಗಳನ್ನು ಟ್ಯೂಷನ್‌ನಿಂದ ವಾರದಲ್ಲಿ ಎರಡು ದಿನ ಅಪ್ಪನೇ ಕರೆದುಕೊಂಡು ಬರಲಿ. ಹರೆಯದ ಮಗಳಿಗೆ ಅಪ್ಪನ ಜೊತೆ ಹದಿನೈದು ನಿಮಿಷ ಗಾಡಿಯಲ್ಲಿ ಬರುವುದು ಸಣ್ಣ ಸಂಗತಿಯಲ್ಲ. ಮೊದಮೊದಲು ಇಬ್ಬರೂ ಮಾತಿಲ್ಲದೆ ಬರಬಹುದು. ಪರವಾಗಿಲ್ಲ. ನೀವು ನಡುವೆ ಹೋಗಬೇಡಿ. ಇನ್ನೂ ಒಂದು ಮಾತು. ಮಕ್ಕಳು ದೂರವಾದ ಮೇಲೆ ಮನೆಯಲ್ಲಿ ಉಳಿಯುವವರು ನೀವಿಬ್ಬರೇ. ರಾತ್ರಿ ಅವರು ಬಂದ ಮೇಲೆ ಮಕ್ಕಳ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತೀರಾ? ನಿದ್ದೆ ಬರದೆ ಅಡುಗೆಮನೆಯಲ್ಲಿ ಕೂತಿರುತ್ತೀರಿ ಅನ್ನುವುದು ಅವರಿಗೆ ಗೊತ್ತಾ? ಹೇಳಿ. ಅವರೂ ಮಗನ ಖಾಲಿ ಮಂಚ ನೋಡಿ ಸಂಕಟಪಡುತ್ತಿರಬಹುದು. ಗಂಡಸರು ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಈಗ ನಿಮ್ಮ ಬಗ್ಗೆ. ಇಪ್ಪತ್ತು ವರ್ಷ ಇವರಿಗಾಗಿಯೇ ಬದುಕಿದೆ ಅಂದಿರಿ. ಅದು ನಿಜ, ಅದಕ್ಕೆ ಬೆಲೆಯೂ ಇದೆ. ಮಗ ಹೊರಟುಹೋದಾಗ ಆಗುವ ದುಃಖವೂ ನಿಜ. ‘ಎಲ್ಲರ ಮನೆ ಮಕ್ಕಳೂ ಹೋಗ್ತಾರೆ, ಇದಕ್ಕೆಲ್ಲ ಅಳ್ತಾರಾ’ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಅತ್ತುಬಿಡಿ. ದಿನದ ಹತ್ತಾರು ಕೆಲಸಗಳಲ್ಲಿ ಅವನಿದ್ದ, ಈಗ ಇಲ್ಲ. ಅದಕ್ಕೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು.

ಆದರೆ ಆ ಜಾಗವನ್ನು ತುಂಬಲು ಸುಮ್ನೆ ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಮದುವೆಗೆ ಮೊದಲು ನಿಮಗೆ ಏನು ಇಷ್ಟವಿತ್ತು? ಓದು ಅರ್ಧಕ್ಕೆ ನಿಂತಿತ್ತಾ? ನಿಂತಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ನಡೆಯುತ್ತಿದೆ. ಮನೆಯಲ್ಲೇ ಓದಿಕೊಂಡು ಪದವಿ ಮಾಡಲು ವಯಸ್ಸು ಅಡ್ಡ ಬರುವುದಿಲ್ಲ. ಲೆಕ್ಕ ಇಷ್ಟವಿದ್ದರೆ ಅಂಗಡಿಯ ಜಿಎಸ್‌ಟಿ ಬಿಲ್ಲು, ಸ್ಟಾಕ್ ನೋಡಿಕೊಳ್ಳಬಹುದು. ಹಾಗೆ ಮಾಡಿದರೆ ಅದಕ್ಕೆ ನಿಮ್ಮ ಹೆಸರಿನ ಖಾತೆಗೆ ಸಂಬಳ ಬರಲಿ, ಇದನ್ನು ಗಟ್ಟಿಯಾಗಿ ಕೇಳಿ. ತವರಿನಲ್ಲಿ ನಿಮ್ಮ ಅಮ್ಮ ಇದ್ದರೆ ಹೋಗಿ ನಾಲ್ಕು ದಿನ ಇದ್ದು ಬನ್ನಿ. 2023ರ ಜೂನ್‌ನಿಂದ ನಮ್ಮ ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಎಷ್ಟೋ ತಾಯಂದಿರು ಅಕ್ಕತಂಗಿಯರನ್ನು, ಹಳೇ ಗೆಳತಿಯರನ್ನು ಮತ್ತೆ ಕಂಡದ್ದು ಈ ಬಸ್ಸಿನಿಂದ. ನೀವಿಲ್ಲದ ನಾಲ್ಕು ದಿನ ಮಗಳೂ ಅವರಪ್ಪನೂ ಅಡುಗೆ ಮಾಡಿಕೊಳ್ಳಲಿ. ಸಾರಿಗೆ ಉಪ್ಪು ಜಾಸ್ತಿ ಆದರೂ ಉಣ್ಣುತ್ತಾರೆ. ಅಮ್ಮನಿಗೂ ಅವಳದೇ ಬದುಕು ಇದೆ ಅನ್ನುವುದನ್ನು ಮಗಳು ನೋಡಿ ಬೆಳೆಯಬೇಕು. ನಾಳೆ ಅವಳು ತಾಯಿಯಾದಾಗ ತನ್ನನ್ನು ಪೂರ್ತಿ ಮರೆಯದಿರಲು ಇದು ಬೇಕು.

ಕೊನೆಗೆ ನಿಮ್ಮ ನಿದ್ದೆ. ಇದನ್ನು ಬರೀ ಮಕ್ಕಳ ಚಿಂತೆ ಅಂತ ತಳ್ಳಿಹಾಕಬೇಡಿ. ನಿಮಗೆ 47. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ನಿಲ್ಲುವ ಮೊದಲಿನ ಕೆಲವು ವರ್ಷ ಹಾರ್ಮೋನುಗಳು ಏರಿಳಿಯುತ್ತವೆ. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ನಡುರಾತ್ರಿ ಎಚ್ಚರವಾಗುವುದು, ಸಣ್ಣದಕ್ಕೂ ಅಳು, ಸಿಟ್ಟು. ಇವೆಲ್ಲ ಅದರಿಂದಲೂ ಆಗುತ್ತವೆ. ಮಗಳ ಮೈಯಲ್ಲಿ ಹಾರ್ಮೋನು ಏರುವ ಹೊತ್ತಿಗೇ ತಾಯಿಯ ಮೈಯಲ್ಲಿ ಇಳಿಯುತ್ತಿರುತ್ತದೆ. ಒಂದೇ ಮನೆಯಲ್ಲಿ ಇಬ್ಬರಿಗೂ ಸಿಡುಕು ಬರುವುದು ಸಹಜ. ಸ್ತ್ರೀರೋಗ ತಜ್ಞರನ್ನು ಒಮ್ಮೆ ಕಾಣಿ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಇವು ಏರುಪೇರಾದರೂ ಸುಸ್ತು, ಬೇಸರ ಬರುತ್ತದೆ. ಚಿಕಿತ್ಸೆ ಇದೆ.

ಎರಡು ವಾರಕ್ಕೂ ಹೆಚ್ಚು ದಿನ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಭಾರವಾಗಿದ್ದು ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕಿ ಏನು ಪ್ರಯೋಜನ ಅನಿಸುತ್ತಿದ್ದರೆ, ಅದು ಖಿನ್ನತೆ ಇರಬಹುದು. ಆಗ ಕಾಯಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು. ಇಂದು ರಾತ್ರಿ ನಿದ್ದೆ ಬರದಿದ್ದರೆ ಯಜಮಾನರನ್ನು ಎಬ್ಬಿಸಿ, ಡಾಕ್ಟರ್ ಹತ್ತಿರ ಯಾವ ದಿನ ಹೋಗುವುದು ಅಂತ ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳಿ.